ದೊಡ್ಡಮ್ಮ ದ್ವೀಪದ ಮೀಟಿಂಗಿಗೆ ಹೋದದ್ದು

ನಮ್ಮ ದೊಡ್ಡಮ್ಮನಿಗೆ ಮೀಟಿಂಗ್ ಎಂದರೆ ಉಳಿದವರಿಗೆ ಮದುವೆಯೂಟ ಇದ್ದ ಹಾಗೆ. ವ್ಯತ್ಯಾಸ ಇಷ್ಟೇ, ಮದುವೆಗಾದರೆ ಅವಳನ್ನು ಯಾರಾದರೂ ಕರೆಯಬೇಕಿತ್ತು. ಎಪ್ಪತ್ತರ ದಶಕದಲ್ಲಿ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ದಿನಕ್ಕೊಂದು ಹೌಸಿಂಗ್ ಸೊಸೈಟಿ ಹುಟ್ಟುತ್ತಿತ್ತು. ಹುಟ್ಟಿದ ಮೇಲೆ ಮೀಟಿಂಗ್ ಇಲ್ಲದೆ ಇರುತ್ತದೆಯೇ? ಭಾನುವಾರ ಬೆಳಿಗ್ಗೆ ಮಲ್ಲಿಗೆ ಮುಡಿದು, ಕೈಚೀಲ ಹಿಡಿದು ಅವಳು ಹೊರಟಳೆಂದರೆ ದೊಡ್ಡಪ್ಪ ಮಾತಿಲ್ಲದೆ ತಾವೇ ಅನ್ನಕ್ಕಿಡುತ್ತಿದ್ದರು.

ಒಮ್ಮೆ ಒಂದು ಸೊಸೈಟಿಯಲ್ಲಿ ಎದ್ದು ನಿಂತು, ನೀರಿನ ಟಾಂಕಿ ತೊಳೆದದ್ದು ಯಾವಾಗ ಎಂದು ಕೇಳಿದಳು. ಸೆಕ್ರೆಟರಿಗೆ ಸಿಟ್ಟು ಬಂತು.

"ನಿಮ್ಮ ಫ್ಲ್ಯಾಟ್ ನಂಬರ್ ಯಾವುದು, ಬಾಯಿ?" ಎಂದ, ಮರಾಠಿಯವರು ಹೆಂಗಸರನ್ನು ಕರೆಯುವ ಹಾಗೆ.

"ನೀರಿಗೆಂತ ಫ್ಲ್ಯಾಟ್ ನಂಬರ್?" ಎಂದು ದೊಡ್ಡಮ್ಮ ತನ್ನ ಉಡುಪಿ ಮರಾಠಿಯಲ್ಲಿ ಕೇಳಿದಳು.

ಟಾಂಕಿ ತೆರೆದರು. ಒಂದು ಚೆಂಡು, ಒಂದು ಚಪ್ಪಲಿ, ಹಿಂದೆ ಪಾರಿವಾಳವಾಗಿದ್ದ ಏನೋ ಒಂದು ಹೊರಗೆ ಬಂತು. ಉಪಕಾರ ನೆನೆದು ಅವಳನ್ನು ಕಮಿಟಿಗೇ ಆರಿಸಿದರು. ಅವಳ ಮನೆ ಇರುವುದು ರಸ್ತೆಯಾಚೆಯ ಕಟ್ಟಡದಲ್ಲಿ ಎಂಬುದು ಗೊತ್ತಾದದ್ದು ಆಮೇಲೆ.

ಎಂಬತ್ತರ ದಶಕ ಬರುವಷ್ಟರಲ್ಲಿ ಡೊಂಬಿವಲಿ ಅವಳಿಗೆ ಸಾಲದಾಯಿತು. ಆಗಲೇ ಪೇಪರಿನ ಮೂಲೆಯಲ್ಲಿ ಒಂದು ಸರ್ಕಾರಿ ಪ್ರಕಟಣೆ ಕಣ್ಣಿಗೆ ಬಿತ್ತು. ಸಮುದ್ರ ನೆಲದೊಳಗೆ ಚಾಚಿಕೊಂಡ ಠಾಣೆಯ ಉಪ್ಪುನೀರಿನ ಖಾಡಿಯ ನಡುವೆ ಸರ್ಕಾರದ್ದೊಂದು ಪುಟ್ಟ ದ್ವೀಪ. ಸಮುದ್ರದ ನೀರು ನುಗ್ಗಿದರೂ ಸಾಯದ ಭತ್ತವನ್ನು ಬೆಳೆಸಿ ನೋಡುವ ಸಂಶೋಧನಾ ಕೇಂದ್ರ ಅಲ್ಲಿತ್ತು. ಅದನ್ನು ಮುಚ್ಚಿ ಪ್ರವಾಸಿ ಬಂಗಲೆ ಕಟ್ಟಬೇಕೋ ಬೇಡವೋ ಎಂದು ಸಾರ್ವಜನಿಕರನ್ನು ಕೇಳಲು ಠಾಣೆಯಲ್ಲೊಂದು ಸಭೆ.

"ಸಾರ್ವಜನಿಕರು ಅಂದರೆ ನಾನೇ ಅಲ್ವಾ?" ಎಂದಳು ದೊಡ್ಡಮ್ಮ. ಠಾಣೆಯಲ್ಲಿ ಕೆಲಸಕ್ಕಿದ್ದ ನಾನು ರಜೆ ಹಾಕಿ ಅವಳ ಜೊತೆ ಹೋದೆ.

ಸಭೆಯಲ್ಲಿ ಬಾಳೂಭಾವು ಎಂಬ ಖಾಡಿ ದಂಡೆಯ ರೈತ ಎದ್ದು ನಿಂತ. ಕಟ್ಟೆ ಒಡೆದು ಉಪ್ಪುನೀರು ಒಳಗೆ ಬಂದ ವರ್ಷ ತನ್ನೂರಿನಲ್ಲಿ ಉಳಿದದ್ದು ದ್ವೀಪದ ಬೀಜ ಬಿತ್ತಿದ ಗದ್ದೆಗಳು ಮಾತ್ರ ಎಂದು ಹೇಳತೊಡಗಿದ. ಸಭೆ ನಡೆಸುತ್ತಿದ್ದ ಸರ್ಕಾರಿ ಸಮಿತಿಯ ಅಧ್ಯಕ್ಷರು ಅವನನ್ನು ಅರ್ಧಕ್ಕೇ ಕೂರಿಸಿದರು. ಎದುರು ದಡದಲ್ಲಿ ಹೊಸ ನಗರ ಏಳುತ್ತಿದೆ, ಜನರಿಗೆ 'ಹವಾ ಖಾನೆ ಕೆ ಲಿಯೆ', ಗಾಳಿ ಸೇವನೆಗೆ, ಒಂದು ಜಾಗ ಬೇಡವೇ ಎಂದು ಹಿಂದಿಯಲ್ಲಿ ವಿವರಿಸಿದರು.

ದೊಡ್ಡಮ್ಮ ಎದ್ದಳು. "ಹವಾ ಖಾಕೆ ಪೇಟ್ ಭರೇಗಾ ಕ್ಯಾ, ಸಾಹೇಬ್?"

ಗಾಳಿ ತಿಂದು ಹೊಟ್ಟೆ ತುಂಬುತ್ತದೆಯೇ ಎಂಬ ಪ್ರಶ್ನೆಗೆ ಸಭೆ ನಕ್ಕಿತು. ಅವಳು ನಗಲಿಲ್ಲ. "ವೇದಿಕೆಯ ಮೇಲೆ ಕೂತವರಲ್ಲಿ ಆ ದ್ವೀಪ ನೋಡಿದವರು ಯಾರು?"

ವೇದಿಕೆಯವರೆಲ್ಲ ಮುಂದಿದ್ದ ಫೈಲು ತಿರುವತೊಡಗಿದರು.

"ಬೆಂಡೆಕಾಯಿ ತಗೊಳ್ಳುವಾಗಲೂ ತುದಿ ಮುರಿದು ನೋಡ್ತೇವೆ. ನೀವು ದ್ವೀಪವನ್ನೇ ನೋಡದೆ ಕೊಡುವುದಾ?"

ಬೇರೆ ದಾರಿಯಿರಲಿಲ್ಲ. ಮುಂದಿನ ಭಾನುವಾರ ಬಾಳೂಭಾವುನ ದೋಣಿಯಲ್ಲಿ ಅಧ್ಯಕ್ಷರು, ಅವರ ಮಿರುಗುವ ಬೂಟು, ದೊಡ್ಡಮ್ಮ, ಅವಳ ಕೈಚೀಲ, ನಾನು, ಎಲ್ಲರೂ ದ್ವೀಪಕ್ಕೆ ಹೋದೆವು. ಒಂದು ಗಳಿಗೆಯಲ್ಲಿ ನೋಡಿ ಮುಗಿಸಿ ಊಟಕ್ಕೆ ಠಾಣೆಗೆ ಮರಳುವುದು ಅಧ್ಯಕ್ಷರ ಲೆಕ್ಕ. ಆದರೆ ಸಮುದ್ರದ ಇಳಿತ ಶುರುವಾಗಿ ದೋಣಿ ಕೆಸರಿನಲ್ಲಿ ಕೂತುಬಿಟ್ಟಿತು.

"ನೀರು ಮತ್ತೆ ಯಾವಾಗ ಬರುತ್ತದೆ?" ಎಂದು ಅವರು ಗಾಬರಿಯಿಂದ ಕೇಳಿದರು.

"ಅದಕ್ಕೆ ಮನಸ್ಸಾದಾಗ," ಎಂದ ಬಾಳೂಭಾವು, ತನ್ನನ್ನು ಅರ್ಧಕ್ಕೇ ಕೂರಿಸಿದವರ ಮುಖ ನೋಡುತ್ತ.

ಕೇಂದ್ರದಲ್ಲಿ ಇದ್ದದ್ದು ಒಂದು ತಗಡಿನ ಶೆಡ್ಡು ಮತ್ತು ಒಬ್ಬರೇ ವಿಜ್ಞಾನಿ. ಬಹಳ ದಿನಗಳಿಂದ ಮಾತಾಡಲು ಜನ ಸಿಗದೆ ಇದ್ದ ಅವರು ಒಂದೊಂದು ಮಡಿಯ ಮುಂದೆಯೂ ನಿಂತು ಭತ್ತದ ವಂಶಾವಳಿ ಹೇಳಿದರು. ಅಧ್ಯಕ್ಷರ ಹೊಟ್ಟೆ ಗುರ್ ಎಂದದ್ದು ನನಗೂ ಕೇಳಿಸಿತು. ವಿಜ್ಞಾನಿ ನಾಚುತ್ತ, ಬೀಜಕ್ಕೆಂದು ತೆಗೆದು ಮಿಕ್ಕ ಕೆಂಪಕ್ಕಿ ಇದೆ ಎಂದರು. ದೊಡ್ಡಮ್ಮ ಸೆರಗು ಸಿಕ್ಕಿಸಿ ಗಂಜಿಗಿಟ್ಟಳು. ಕೈಚೀಲದಿಂದ ಮಿಡಿ ಉಪ್ಪಿನಕಾಯಿಯ ಬಾಟಲಿ ಹೊರಬಂತು.

ಅಧ್ಯಕ್ಷರು ಎರಡು ಸಲ ಹಾಕಿಸಿಕೊಂಡು ಮತ್ತೆ ಬಟ್ಟಲು ಚಾಚಿದಾಗ ದೊಡ್ಡಮ್ಮನ ಸೌಟು ಅರ್ಧದಲ್ಲೇ ನಿಂತಿತು. "ಸಾಹೇಬ್, ಕೇಂದ್ರ ಮುಚ್ಚುವುದಾ, ಗಂಜಿ ಬಡಿಸುವುದಾ?"

ಅವರು ಮೊದಲ ಬಾರಿ ಬಾಯಿತುಂಬ ನಕ್ಕರು. ಊಟವಾದ ಮೇಲೆ ಬೂಟು ಕಳಚಿ, ಪ್ಯಾಂಟು ಮಡಚಿ ಗದ್ದೆಗೆ ಇಳಿದರು. ಬೆರಳದ್ದಿ ನೀರನ್ನು ನಾಲಗೆಗೆ ಮುಟ್ಟಿಸಿ ಮುಖ ಕಿವುಚಿದರು. ಅಂಥ ನೀರಿನಲ್ಲಿ ನಿಂತು ಪೈರು ಹಸುರಾಗಿ ತೂಗುತ್ತಿತ್ತು. ಅವರು ಬಾಳೂಭಾವುನನ್ನು ಕರೆದರು. "ಅವತ್ತು ಏನೋ ಹೇಳುತ್ತಿದ್ದೆಯಲ್ಲ, ಈಗ ಪೂರ್ತಿ ಹೇಳು."

ಅವನು ನೀರು ಬರುವವರೆಗೂ ಹೇಳಿದ. ಅವರು ಪೂರ್ತಿ ಕೇಳಿದರು.

ತಿಂಗಳು ಕಳೆದ ಮೇಲೆ ಠಾಣೆಯ ಅದೇ ಸಭಾಂಗಣದಲ್ಲಿ ನಿರ್ಧಾರ ಓದಿದರು. ಕೇಂದ್ರ ಉಳಿಯುತ್ತದೆ, ಖಾಡಿ ದಂಡೆಯ ಊರುಗಳಿಗೆಲ್ಲ ಬೀಜ ಕೊಡುತ್ತದೆ. ರೈತರು ಕುರ್ಚಿಗಳ ಮೇಲೆ ಹತ್ತಿ ಕುಣಿದರು. ಬಾಳೂಭಾವು ಗುಲಾಲು ಎರಚಿದ. ವಿಜ್ಞಾನಿ ಕನ್ನಡಕ ತೆಗೆದು ಒರೆಸಿಕೊಂಡರು, ಒರೆಸಿದ್ದು ಗಾಜನ್ನಲ್ಲ. ಗದ್ದಲ ಇಳಿದ ಮೇಲೆ ಅಧ್ಯಕ್ಷರು ಮುಂದಿನ ಸಾಲಿನತ್ತ ಬಾಗಿ ಕೈ ಮುಗಿದರು.

"ಬಾಯಿ, ನಿಮ್ಮ ಅಭಿಪ್ರಾಯ?"

ದೊಡ್ಡಮ್ಮ ಎದ್ದು ನಿಂತಳು. ಸಭೆಯೆಲ್ಲ ಕಿವಿಯಾಗಿತ್ತು. ಅವಳು ಸೆರಗು ಸರಿಪಡಿಸಿಕೊಂಡು, ಏನೂ ಹೇಳದೆ, ಮೆಲ್ಲನೆ ಕೂತುಬಿಟ್ಟಳು.

ಠಾಣೆ ಸ್ಟೇಷನ್ನಿನಲ್ಲಿ, ಎಂಥ ರಶ್ಶಿನಲ್ಲೂ ನುಗ್ಗಿ ಹತ್ತುವ ಹೆಂಗಸು ಬೆಂಚಿನ ಮೇಲೆ ಕೂತು ಎರಡು ಲೋಕಲ್ ರೈಲುಗಳನ್ನು ಹೋಗಲು ಬಿಟ್ಟಳು. ಮೈ ಸರಿಯಿಲ್ಲವೇ ಎಂದು ಕೇಳಿದೆ.

"ಹಾಗೇನಿಲ್ಲ ಮಗಾ," ಎಂದಳು ಹಳಿಗಳನ್ನು ನೋಡುತ್ತ. "ಮದುವೆ ಮಾಡುವಾಗ, ಊರು ಬಿಡಿಸಿ ಇಲ್ಲಿಗೆ ತರುವಾಗ, ಯಾವಾಗಲೂ ಯಾರೂ ಕೇಳಿದ್ದಿಲ್ಲ ನನ್ನನ್ನು. ಇವತ್ತು ಒಬ್ಬರು ಕೇಳಿದರು ನೋಡು. ಎಂತ ಹೇಳುವುದು ಅಂತಲೇ ಗೊತ್ತಾಗಲಿಲ್ಲ."

ಮೂರನೆಯ ಲೋಕಲ್ ಬಂತು. ಇದಕ್ಕೆ ಹತ್ತೋಣವೇ, ಮುಂದಿನದಕ್ಕೆ ಕಾಯೋಣವೇ ಎಂದು ನಾನು ದೊಡ್ಡಮ್ಮನನ್ನು ಕೇಳಿದೆ.