ಗುರುಬಸವರಾಜ್ ಮೇಷ್ಟ್ರ ಟಿಂಕರಿಂಗು

ಬಾಗಿಲು ಸರಿಯಾಗಿ ಕೂರುತ್ತದೋ ಇಲ್ಲವೋ ನೋಡೋಣವೆಂದು ಗುರುಬಸವರಾಜ್ ಮೇಷ್ಟ್ರು ತಮ್ಮ ಹಳೆಯ ಫಿಯಟ್ ಕಾರಿನೊಳಗೆ ಕೂತು ಅದನ್ನು ಎಳೆದುಕೊಂಡರು. ಟಕ್ಕೆಂದು ಕೂತಿತು. ಮೇಷ್ಟ್ರ ಮುಖ ಅರಳಿತು. ಮತ್ತೆ ತೆಗೆಯಲು ಕೈ ಹಾಕಿದಾಗ ನೆನಪಾಯಿತು: ಬಾಗಿಲುಗಳ ಹಿಡಿ, ಗಾಜು ಇಳಿಸುವ ಹ್ಯಾಂಡಲು ಎಲ್ಲವನ್ನೂ ಅವರೇ ಬಿಚ್ಚಿ, ಪಾಲಿಶ್ ಮಾಡಿಸಲು ಹೊನ್ನಾಳಿಗೆ ಕಳಿಸಿದ್ದರು.

ನ್ಯಾಮತಿಯ ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಷ್ಟ್ರು ಕಾರಿನ ಟಿಂಕರಿಂಗನ್ನು ತಾವೇ ಮಾಡುತ್ತಿದ್ದರು. ಮೂರು ತಿಂಗಳ ಭಾನುವಾರಗಳನ್ನು ಈ ಒಂದು ಬಾಗಿಲೇ ತಿಂದಿತ್ತು. ನೆಗ್ಗು ಬಡಿದೆತ್ತಿ, ಪುಟ್ಟಿ ಮೆತ್ತಿ, ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ ಅದನ್ನು ಮಗುವಿನ ಕೆನ್ನೆಯಂತೆ ನುಣ್ಣಗೆ ಮಾಡಿದ್ದರು. ಉಳಿದ ಮೂರು ತುಕ್ಕು ಹಿಡಿದು ಚೌಕಟ್ಟಿಗೇ ಬೆಸೆದುಕೊಂಡಿದ್ದವು.

ಬಿಸಿಲು ಏರುತ್ತಿತ್ತು. ಮೇಷ್ಟ್ರು ಗಾಜು ಬಡಿದರು. ಮೊದಲು ಬಂದವರು ಎದುರುಮನೆಯ ಕೊಲ್ಲಾಪುರಮ್ಮ.

"ಒಬ್ರೇ ಕುಂತು ಕೈ ಬೀಸ್ತೀರಲ್ರೀ ಮೇಷ್ಟ್ರೆ, ಎಲ್ಲಿಗ್ ಹೊಂಟ್ರಿ?"

"ಬಾಗ್ಲು, ಬಾಗ್ಲು," ಎಂದು ಮೇಷ್ಟ್ರು ಒಳಗಿಂದ ಕೂಗಿದರು.

"ಬಾಗಲಕೋಟೆಗಂತೆ," ಎಂದು ಕೊಲ್ಲಾಪುರಮ್ಮ ದಾರಿಯಲ್ಲಿ ಹೋಗುವವರಿಗೆಲ್ಲ ಹೇಳಿದರು.

ಬಾಗಲಕೋಟೆಗೆ ಹೊರಟವರನ್ನು ನೋಡಲು ಬೀದಿಯೇ ಸೇರಿತು. ಮೇಷ್ಟ್ರು ಬೆವರಿ ನೀರಾಗಿದ್ದು ಕಂಡ ಮೇಲೆ ವಿಷಯ ತಿಳಿಯಿತು. ಗೊಬ್ಬರದಂಗಡಿಯ ಬೀರಲಿಂಗಪ್ಪ, ತಮ್ಮ ಅಂಗಡಿಯ ಮೂಟೆಗಳಿಗೆಲ್ಲ ಹಿರಿಯಣ್ಣನಂತಿದ್ದವರು, ಮುಂದೆ ಬಂದು ಯಜಮಾನಿಕೆ ವಹಿಸಿಕೊಂಡರು.

"ಮನುಷ್ಯ ಉಸಿರು ಕಟ್ಟಿ ಸಾಯ್ತಾನೆ. ಹಾರೆ ತರ್ರಿ, ಬಾಗ್ಲು ಮೀಟಾನ."

ಮೇಷ್ಟ್ರು ಎರಡೂ ಕೈಯಲ್ಲಿ ಬಾಗಿಲನ್ನು ತಬ್ಬಿಕೊಂಡರು. "ಬಾಗ್ಲು ಮುಟ್ಟಬ್ಯಾಡ್ರಪ್ಪ. ನಾನು ಇಲ್ಲೇ ಇರ್ತೀನಿ."

"ಗಾಜಾದ್ರೂ ಒಡೀಲೇನ್ರಿ?"

"ಇಂಥ ಗಾಜು ಈಗ ಎಲ್ಲೂ ಸಿಗಲ್ರೀ."

"ಸೆಖೆ ತಲೆಗೇರೈತೆ," ಎಂದು ಬೀರಲಿಂಗಪ್ಪ ಹಾರೆ ಎತ್ತಿದರು.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಶಿವಲೀಲಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. "ಹಿಂದಿನ ಸೀಟು ಕಿತ್ತು ನಮ್ಮ ಪಡಸಾಲೇಲಿ ಹಾಕೀರಲ್ಲ, ಆ ಸಂದೀಲಿ ತೂರಿ ಡಿಕ್ಕಿಗೆ ಬರ್ರಿ. ಡಿಕ್ಕಿ ಕೀಲಿ ಮನೇಲೇ ಐತೆ."

ಡಿಕ್ಕಿ ತೆರೆದಾಗ ಮೇಷ್ಟ್ರು ಆಗತಾನೆ ಹುಟ್ಟಿದ ಕರುವಿನಂತೆ ಒದ್ದೆಯಾಗಿ ಹೊರಬಿದ್ದರು. ಎರಡು ಚೊಂಬು ನೀರು ಕುಡಿದು, ಮೊದಲು ಹೋಗಿ ಬಾಗಿಲನ್ನು ಸವರಿ ನೋಡಿದರು. ಒಂದು ಗೀರೂ ಇಲ್ಲ. ಎದೆಯ ಮೇಲಿನ ಚಪ್ಪಡಿ ಇಳಿಸಿದಂತಾಯಿತು.

"ಈಗ ಬಾಗ್ಲು ತೆಗೆಯಾದು ಹೆಂಗೆ?" ಬೀರಲಿಂಗಪ್ಪನವರಿಗೆ ಸಮಾಧಾನವಿಲ್ಲ.

"ನಾಳೆ ಹಿಡಿ ಬರ್ತಾವೆ, ಬಿಡ್ರಿ."

"ಅದಕ್ಯಾಕೆ ನಾಳೆತನ ಕಾಯಾಕೆ ಹೋಗ್ತೀರಿ? ನಾನು ಒಳಗ್ ಹೋಗಿ ಕೈಯಾಗೇ ತೆಗಿತೀನಿ."

ಯಾರಾದರೂ ತಡೆಯುವ ಮುಂಚೆಯೇ ಅವರು ಡಿಕ್ಕಿಗೆ ನುಗ್ಗಿದರು. ಸಂದಿಯಲ್ಲಿ ತಲೆ ಹೋಯಿತು. ಭುಜವೂ ಹೋಯಿತು. ಹೊಟ್ಟೆ ಮಾತ್ರ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ನಾಲ್ಕು ಜನ ಕಾಲು ಹಿಡಿದು ಎಳೆದರೆ ಚಪ್ಪಲಿಗಳು ಕೈಗೆ ಬಂದವು.

"ಮೇಷ್ಟ್ರೆ, ಉಸಿರಾಡಾಕೆ ಆಗವಲ್ದು," ಎಂದಿತು ಒಳಗಿಂದ ಒಂದು ಸಣ್ಣ ದನಿ.

ಮುಂದಿನಿಂದ ಯಾರಾದರೂ ದೂಡಬೇಕಿತ್ತು. ದೂಡುವವರು ಒಳಗೆ ಹೋಗಬೇಕಿತ್ತು. ಗಾಜು ಒಡೆದರೆ ಚೂರು ಬೀಳುವುದು ಬೀರಲಿಂಗಪ್ಪನವರ ತಲೆಯ ಮೇಲೇ. ಮೇಷ್ಟ್ರು ತಮ್ಮ ಬಾಗಿಲನ್ನೊಮ್ಮೆ ನೋಡಿದರು. ಡಿಕ್ಕಿಯಲ್ಲಿ ಒದ್ದಾಡುತ್ತಿದ್ದ ಬರಿಗಾಲುಗಳನ್ನೊಮ್ಮೆ ನೋಡಿದರು. ಆಮೇಲೆ ಹಾರೆಯನ್ನು ತಾವೇ ಕೈಗೆತ್ತಿಕೊಂಡರು.

ನಾಲ್ಕನೇ ಮೀಟಿಗೆ ಬಾಗಿಲು ಒಣ ಹಪ್ಪಳದಂತೆ ಸೊಟ್ಟಗಾಗಿ ತೆರೆದುಕೊಂಡಿತು. ಮೇಷ್ಟ್ರು ಒಳಗೆ ನುಗ್ಗಿ ಎರಡೂ ಕೈಯಲ್ಲಿ ದೂಡಿದರು, ಹೊರಗಿನವರು ಎಳೆದರು. ಬೀರಲಿಂಗಪ್ಪ ಡಿಕ್ಕಿಯಿಂದ ಬಿದ್ದು, ಬೀದಿಯಲ್ಲೇ ಕಾಲು ಚಾಚಿ ಕೂತು ಉಸಿರು ಬಿಟ್ಟರು. ಬೀದಿಗೆ ಬೀದಿಯೇ ಉಸಿರು ಬಿಟ್ಟಿತು. ಮೇಷ್ಟ್ರ ಮನಸ್ಸೂ ಹಗುರಾಗಿತ್ತು. ಮನುಷ್ಯ ಉಳಿದನಲ್ಲ, ಅಷ್ಟು ಸಾಕು ಎನ್ನಿಸಿ ಪಕ್ಕದಲ್ಲೇ ಕೂತರು.

ಬೀರಲಿಂಗಪ್ಪ ನೀರು ಕುಡಿದು, ಮೀಸೆ ಒರೆಸಿಕೊಂಡು, ಬಾಗಿಲಿನ ಕಡೆ ತಿರುಗಿ ಬಹಳ ಹೊತ್ತು ನೋಡಿದರು.

"ಮೇಷ್ಟ್ರೆ, ಕಾರೆಲ್ಲ ಚೆನ್ನಾಗೈತೆ. ಇದೊಂದು ಬಾಗ್ಲು ಕೆಟ್ಟೈತೆ ನೋಡ್ರಿ. ಸ್ವಲ್ಪ ಟಿಂಕರಿಂಗ್ ಮಾಡ್ರಿ."