ಫೊಯರ್‌ಬಾಕಿನಲ್ಲಿ ಬಿಸ್ಮಾರ್ಕ್ ಉಪಾಯ

ಒಂದು ಊರು, ಅದಕ್ಕೆ ಎರಡು ಸಲ ನಾಮಕರಣ. ಎರಡನೇ ಸಲ ಇಟ್ಟದ್ದು ಸಮುದ್ರದಾಚೆಯ ಒಬ್ಬ ದೊಡ್ಡ ಮನುಷ್ಯನ ಹೆಸರು. ಆತ ಆ ಊರಿಗೆ ಕಾಲೇ ಇಡಲಿಲ್ಲ. ಯಾವ ಊರು?

ಬಿಡಿ, ನಿಮಗೆ ಬರೋದಿಲ್ಲ. ನನ್ನ ಕ್ಲಾಸಿಗೂ ಬರಲಿಲ್ಲ, ಅವರೆಲ್ಲ ಆ ಮನುಷ್ಯನ ದೇಶದವರೇ! ಇಂಥ ಫಜೀತಿಗಳು ಹುಡುಕಿಕೊಂಡು ನನ್ನ ಹತ್ತಿರ ಬರುತ್ತವೆ. ಬರದಿದ್ದರೆ ನಾನೇ ಹೋಗಿ ಕರೆದುಕೊಂಡು ಬರುತ್ತೇನೆ.

೧. ಅಳಿಸಿಹೋದ ಇಂಜಿನಿಯರ್

ಜರ್ಮನಿಯ ಫೊಯರ್‌ಬಾಕಿನ ನಮ್ಮ ಶಾಲೆಯಲ್ಲಿ ಚೀಟಿ ಎತ್ತಿದಾಗ ನನಗೆ ಬಂದದ್ದು ಅಮೆರಿಕದ ನಾರ್ತ್ ಡಕೋಟಾದ ರಾಜಧಾನಿ ಬಿಸ್ಮಾರ್ಕ್. ಅದರ ಇತಿಹಾಸ, ಆರ್ಥಿಕತೆ ಎಲ್ಲ ಹೇಳಬೇಕು. ಊಟಕ್ಕೆ ಕೂತಾಗ ಮನೆಯಲ್ಲಿ ತಾಲೀಮು ಮಾಡಿದೆ.

"ಅಪ್ಪಾ, ಮೊದಲ ಆ ಊರಿಗೆ ಒಬ್ಬ ರೈಲ್ವೆ ಇಂಜಿನಿಯರ್ ಹೆಸರು ಇತ್ತಂತ. ರೈಲು ಕಂಪನಿಗೆ ಜರ್ಮನ್ ರೊಕ್ಕ, ಜರ್ಮನ್ ಮಂದಿ ಬೇಕಾತು. ಅವನ ಹೆಸರು ಅಳಿಸಿ ಆಗ ಜರ್ಮನಿ ಆಳತಿದ್ದ ಚಾನ್ಸೆಲರ್ ಬಿಸ್ಮಾರ್ಕನ ಹೆಸರು ಇಟ್ರಂತ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಇಂಜಿನಿಯರ್ ಹೆಸರು ಅಳಿಸಿದ್ರ?"

ಅಪ್ಪನೂ ಇಂಜಿನಿಯರ್, ಜರ್ಮನಿಯವರು ಹೊರದೇಶದ ಕಂಪ್ಯೂಟರ್ ಇಂಜಿನಿಯರುಗಳಿಗೆ ಕೊಟ್ಟ ಗ್ರೀನ್ ಕಾರ್ಡಿನ ಮೇಲೆ ಹುಬ್ಬಳ್ಳಿಯಿಂದ ಬಂದವನು. ಆ ತಿಂಗಳು ಅವನ ಕೆಲಸ ಮುಗಿಯುವುದಿತ್ತು. ಬಾಸ್ ಮುಂದುವರಿಸಿದರೆ ಫೊಯರ್‌ಬಾಕ್, ಇಲ್ಲದಿದ್ದರೆ ಗಂಟುಮೂಟೆ. ಅದಕ್ಕೇ ಬಾಸನ್ನು ಶನಿವಾರ ಊಟಕ್ಕೆ ಕರೆದಿದ್ದ.

"ಆ ಚಾನ್ಸೆಲರ್ ಬಂದನೇನು?" ಅವ್ವ ಕೇಳಿದಳು.

"ಇಲ್ಲ. ರೈಲು ಬಂತು, ಗೋಧಿ ಬಂತು, ಸರ್ಕಾರಿ ಆಫೀಸು ಬಂದ್ವು. ಅವಾ ಒಬ್ಬ ಬರಲಿಲ್ಲ."

"ಊಟಕ್ಕ ಕರೀಲಾರದ ಬರೀ ಹೆಸರಿಟ್ರ ಯಾರು ಬರ್ತಾರೋ?"

೨. ಸೋದರತ್ತೆ

ಕ್ಲಾಸಿನಲ್ಲಿ ನಮ್ಮ ಕಡೆಯ ನಾಮಕರಣವನ್ನೂ ವಿವರಿಸಿದೆ: ಸೋದರತ್ತೆ ಕೂಸಿನ ಕಿವಿಯಲ್ಲಿ "ಕುರ್ರ್" ಅಂದು ಹೆಸರು ಹೇಳುತ್ತಾಳೆ, ಸುತ್ತಲಿನವರು ಅವಳ ಬೆನ್ನಿಗೆ ಗುದ್ದುತ್ತಾರೆ. ಟೀಚರಿಗೆ ಖುಷಿಯೋ ಖುಷಿ. ಮೇಜಿನ ಮೇಲಿನ ಭೂಗೋಳವನ್ನೇ ಕೂಸು ಮಾಡಿ, ತಾವೇ ಸೋದರತ್ತೆಯಾಗಿ ಅದರ ಕಿವಿಗೆ ಬಗ್ಗಿದರು. ನಾನು ಮೆಲ್ಲಗೆ ಗುದ್ದಿ ಅಂತಲೇ ಹೇಳಿದ್ದೆ. ಆದರೆ ಹುಡುಗರ ಕೈಯಲ್ಲಿ ಇಡೀ ವರ್ಷದ ಮಾರ್ಕ್ಸಿನ ಸಿಟ್ಟಿತ್ತು.

ಟೀಚರ್ ಎದ್ದು ಕನ್ನಡಕ ಹುಡುಕುತ್ತಾ ಹೇಳಿದರು: "ಆರ್ಥಿಕತೆ ಸೋಮವಾರ ಹೇಳು. ದೂರದಿಂದ."

೩. ಬೆಲ್ಲಿನ ಪಟ್ಟಿ

ಬಿಸ್ಮಾರ್ಕಿನವರು ಹೆಸರಿಟ್ಟರು, ಊಟಕ್ಕೆ ಕರೆಯಲಿಲ್ಲ. ನಾವು ಊಟಕ್ಕೆ ಕರೆದಿದ್ದೇವೆ, ಹೆಸರೊಂದು ಬಾಕಿ. ಇದು ನನ್ನ ಲೆಕ್ಕ. ಇಲ್ಲಿ ಒಂದೊಂದು ಮನೆಗೆ ನಂಬರಿಲ್ಲ, ಕೆಳಗಿನ ಬಾಗಿಲ ಬೆಲ್ಲಿನ ಮೇಲಿನ ಹೆಸರೇ ಗುರುತು. ಶನಿವಾರ ಅಲ್ಲಿ ನಮ್ಮ ಬೆಲ್ಲಿನ ಮೇಲಿದ್ದ ಅಪ್ಪನ ಹೆಸರು ಕಿತ್ತು ಬಾಸಿನ ಹೆಸರು ಬರೆದು ಅಂಟಿಸಿದೆ. ನೋಡಿದ ಕೂಡಲೇ ಕರಗಿಹೋಗುತ್ತಾನೆ ಅಂದುಕೊಂಡೆ.

ಎಣ್ಣೆಗಾಯಿ ತಣ್ಣಗಾಯಿತು. ಬಾಸ್ ಬರಲಿಲ್ಲ. ಅಪ್ಪ ಟೈ ಬಿಚ್ಚುತ್ತಾನೆ, ಮತ್ತೆ ಕಟ್ಟುತ್ತಾನೆ. ಕೊನೆಗೂ ಬಾಗಿಲು ಬಡಿದ ಸದ್ದು. ಅಪ್ಪ ಓಡಿದ.

ಕೆಳಮನೆಯ ಅಜ್ಜಿ. ಕೈಯಲ್ಲಿ ಬ್ರೆಡ್ಡು, ಉಪ್ಪು. ಹೊಸದಾಗಿ ಮನೆಗೆ ಬಂದವರಿಗೆ ಇಲ್ಲಿಯವರು ಕೊಡುವುದು ಅದನ್ನೇ.

"ಅಯ್ಯೋ, ನೀವಿನ್ನೂ ಖಾಲಿ ಮಾಡಿಲ್ಲವೇ?" ಅಂದಳು. "ಒಬ್ಬರು ಹೂವು ಹಿಡಿದುಕೊಂಡು ನಿಮ್ಮ ಹೆಸರು ಹುಡುಕುತ್ತಿದ್ದರು. ತಮ್ಮ ಹೆಸರನ್ನೂ ಹೇಳಿದರು. 'ಆ ಭಾರತದವರು ಹೋದರು, ಈಗ ನಿಮ್ಮ ಹೆಸರಿನವರೇ ಯಾರೋ ಬಂದಿದ್ದಾರೆ' ಅಂತ ಅವರಿಗೆ ಹೇಳಿ ಕಳಿಸಿದೆ."

ಅಪ್ಪ ನನ್ನ ಕಡೆ ತಿರುಗಿದ. ನಾನು ಬ್ರೆಡ್ಡಿನ ಕಡೆ ತಿರುಗಿದೆ.

೪. ಕುರ್ರ್

ಭಾನುವಾರ ಅಪ್ಪ ಹೋಳಿಗೆ ಡಬ್ಬಿ ಹೊರಿಸಿ ನನ್ನನ್ನು ಬಾಸಿನ ಮನೆಗೆ ಎಳೆದುಕೊಂಡು ಹೋದ. ಬಾಸ್ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ, ಹೋಳಿಗೆ ತಿಂದ, ಕೆಲಸ ಮುಂದುವರಿಸಿದ. ಸಾಲದ್ದಕ್ಕೆ ತನ್ನ ನಾಯಿಮರಿಯ ಕಿವಿಯಲ್ಲಿ "ಕುರ್ರ್" ಅಂದು "ಹುಬ್ಬಳ್ಳಿ" ಅಂತ ಹೆಸರಿಟ್ಟ. ಅಪ್ಪ ಬಾಸಿನ ಬೆನ್ನಿಗೆ ಗುದ್ದಿದ. ಈಗ ಹುಬ್ಬಳ್ಳಿ ಅಂದರೆ ಸಾಕು, ಮರಿ ಓಡಿ ಬರುತ್ತದೆ. ಚಾನ್ಸೆಲರನ ಹಾಗಲ್ಲ.

ನಾಯಿ ಸುಳ್ಳು. ನಗು, ಗುದ್ದು, ಮುಂದುವರಿದ ಕೆಲಸ, ಎಲ್ಲ ನಾನೇ ಕಟ್ಟಿದ್ದು. ಬಾಸ್ ಫೋನ್ ಎತ್ತುತ್ತಿಲ್ಲ, ಹೋಳಿಗೆ ಡಬ್ಬಿ ಮೇಜಿನ ಮೇಲೇ ಇದೆ. ಅಪ್ಪ ಕೆಳಗೆ ಹೋಗಿ ಬೆಲ್ಲಿಗೆ ತನ್ನ ಹೆಸರು ತಾನೇ ಅಂಟಿಸಿ, ಉಗುರಿನಿಂದ ಅಂಚು ಒತ್ತಿ ಒತ್ತಿ ಬಂದ. ಎಷ್ಟು ದಿನ ಇರುವ ಹೆಸರೋ, ನಾಳೆ ಆಫೀಸಿಗೆ ಹೋದ ಮೇಲೆ ಗೊತ್ತಾಗುತ್ತದೆ.