ಕ್ಯಾಂಪಿಂಗಿಗೆ ಹೊಂಟ ಮದುವಿ ಕುದರಿ

ನಮ್ಮ ಮನ್ಯಾಗ ಒಂದು ಕೆಲಸ ನೆಟ್ಟಗ ಆತಂದ್ರ ನನಗ ಅಂಜಿಕಿನ ಬರತೈತಿ, ಎಲ್ಲೋ ಏನೋ ತಪ್ಪೇತಿ ಅಂತ. ಈ ಕುದರಿ ಸುದ್ದಿ ಕೇಳ್ರಿ, ನಿಮಗ ತಿಳೀತೈತಿ.

ನಮ್ಮವರದು ಬನಹಟ್ಟ್ಯಾಗ ನೂಲಿನ ಅಂಗಡಿ. ನಾ ಅಲ್ಲೇ ಸಾಲಿ ಟೀಚರು. ನನ್ನ ತವರೂರು ಗಲಗಲಿ. ಮದುವಿನೂ ಅಲ್ಲೇ ಆತು. ಅವತ್ತ ಮದುಮಗನ್ನ ಹನುಮಪ್ಪನ ಗುಡಿಗೆ ಮೆರವಣಿಗಿ ಮಾಡಾಕ ಕುದರಿ ತರಿಸಿದ್ರು. ಇವರು ಹತ್ತಬೇಕು ಅನ್ನೂದ್ರಾಗ ಕುದರಿ ಒಮ್ಮೆ ಸೀನಿತು. ಅಷ್ಟ. ಇವರು ಬಾಸಿಂಗ ಹಿಡಕೊಂಡು ಹಿಂದ ಸರದವರು, ಹೋಗಿ ಆಟೋದಾಗ ಕುಂತು ಬಿಟ್ರು. ಮೆರವಣಿಗಿ ಆಟೋದಾಗ ಆತು.

ಅವತ್ತಿಂದ ಇವರು ಗಲಗಲಿಗೆ ಕಾಲಿಟ್ರ ಸಾಕು, ನನ್ನ ತಮ್ಮ ಬಾಗಲದಾಗ ನಿಂತು, "ಬರ್ರಿ ಮಾವಾರ, ಅಂಜಬ್ಯಾಡ್ರಿ, ಕುದರಿ ಇಲ್ಲ" ಅಂತಾನ. ಇವರು ಅವನ ಎದುರಿಗೆ ಹಲ್ಲು ಕಿಸೀತಾರ, ವಾಪಸ್ ಬನಹಟ್ಟಿ ಮುಟ್ಟೋತನಕ ನನ್ನ ಕೂಡ ಮಾತ ಬಿಡತಾರ. ಅಂದಾಂವ ತಮ್ಮ, ಶಿಕ್ಷಾ ನನಗ!

ಮನಿ ಇದ್ದೂ ಹೊರಗ

ಒಂದಿನ ಇವರು ಫೋನಿನ್ಯಾಗ ಯಾರೋ ಕುದರಿ ಮ್ಯಾಲೆ ಕ್ಯಾಂಪಿಂಗ್ ಹೋಗಿದ್ದ ವಿಡಿಯೋ ನೋಡಿದ್ರು. ಜಮಖಂಡಿಯ ದೋಸ್ತನ್ನ ಕರಸಿದ್ರು. ಆ ದೋಸ್ತ ಒಂದು ಬ್ಯಾಂಕಿನ್ಯಾಗ ಕೆಲಸಕ್ಕ ಅದಾನ, ತೂಕದ ಮನಷ್ಯಾ. ಇಬ್ಬರೂ ಕುಂತು ಚಾದ ಮ್ಯಾಲೆ ಚಾ ಕುಡದು ಪ್ಲ್ಯಾನ್ ಮಾಡಿದ್ರು.

"ಗಲಗಲಿ ಹತ್ರ ಹೊಳಿ ದಂಡಿಗೆ ಟೆಂಟ್ ಹೊಡೀತೇವಿ. ಕುದರಿ ಮ್ಯಾಲೆ ಹೋಗತೇವಿ" ಅಂದ್ರು ನಮ್ಮವರು.

"ಅಲ್ರೀ, ಗಲಗಲ್ಯಾಗ ನನ್ನ ತವರಮನಿ ಐತಿ. ಫ್ಯಾನ್ ಐತಿ, ಗಾದಿ ಐತಿ, ಅವ್ವ ಹೋಳಿಗಿ ಮಾಡತಾಳ. ಟೆಂಟ್ ಯಾಕ?"

"ಕ್ಯಾಂಪಿಂಗ್ ಅಂದ್ರ ಹಂಗ. ಮನಿ ಇದ್ದೂ ಹೊರಗ ಮಲಗೋದು."

ನನಗ ತಿಳೀತು. ಹೊಳಿಗೆ ಹೋಗಬೇಕಂದ್ರ ನಮ್ಮ ತವರಮನಿ ಮುಂದ ಹಾದು ಹೋಗಬೇಕು. ಕುದರಿ ಮ್ಯಾಲೆ ಕುಂತು ನನ್ನ ತಮ್ಮನ ಮುಂದ ಹಾಯೋದ ಇವರ ಕ್ಯಾಂಪಿಂಗ್. ಪಾಪ ಅನಿಸ್ತು, ಸುಮ್ಮನಾದೆ.

ಒಳಗಿಂದ ನಮ್ಮ ಅತ್ತಿ ಸುಮ್ಮನಾಗಲಿಲ್ಲ. "ಹೊರಗ ಮಲಗಾಕ ಗಲಗಲಿಗೆ ಯಾಕ ಹೋಗಬೇಕೋ ಮಗನ? ನಾಳೆ ಅಂಗಡಿಯಿಂದ ಹೊತ್ತು ಮಾಡಿ ಬಾ, ಬಾಗಲಾ ನಾನ ಹಾಕತೇನಿ."

ಮದುಮಗ ಯಾರು?

ಈಗ ಕುದರಿ ಎಲ್ಲಿ ಸಿಗಬೇಕು? ಮುಧೋಳದಾಗ ಕೇಳಿದ್ರ, "ನಾಯಿ ಬೇಕಾದ್ರ ಕೊಡತೇವ್ರಿ" ಅಂದ್ರು. ಬೀಳಗಿ ಕಡೆ ಕೇಳಿದ್ರ, "ಟ್ರ್ಯಾಕ್ಟರ್ ಕಾಲದಾಗ ಕುದರಿ ಯಾರು ಸಾಕತಾರ್ರಿ?" ಅಂದ್ರು. ಕಡೀಕ ರಬಕವ್ಯಾಗ ಬ್ಯಾಂಡ್‌ಸೆಟ್ಟಿನ ಮಾಲಕನ ಹತ್ರ ಎರಡು ಬಿಳಿ ಕುದರಿ ಸಿಕ್ಕವು. ಮದುವಿ ಮೆರವಣಿಗಿಗೆ ಸಾಕಿದವು. ನಾನೂ ಹೋಗಿದ್ದೆ.

"ಮದುವಿ ಅಕ್ಕಿಕಾಳು ಯಾವತ್ತರಿ? ಮದುಮಗ ಯಾರು?" ಅಂತ ಕೇಳಿದ ಮಾಲಕ.

"ಹತ್ತಾಂವ ನಾನ" ಅಂದ್ರು ನಮ್ಮವರು, ಎದಿ ಉಬ್ಬಿಸಿ.

ಆ ಮನಷ್ಯಾ ಇವರ ನರತ ತಲಿ ನೋಡಿದ. ನನ್ನ ಕೊರಳಾಗಿನ ತಾಳಿ ನೋಡಿದ. ಆಮ್ಯಾಲೆ ನನ್ನ ಬಾಜೂಕ ಬಂದು ಮೆಲ್ಲಕ ಕೇಳಿದ: "ಅಕ್ಕಾರ, ಇದಕ್ಕ ನಿಮ್ಮ ಒಪ್ಪಿಗಿ ಐತೇನ್ರಿ?"

ತಾಲೀಮು

ಹೊಂಟೋ ಮೊದಲ ಒಮ್ಮೆ ಹತ್ತಿ ನೋಡೋಣಂತ ಬಯಲಿಗೆ ಹೋದ್ವಿ. ದೋಸ್ತ ಹಿಂದಿಂದ ನೂಕಿದ, ಮಾಲಕ ಮುಂದಿಂದ ಜಗ್ಗಿದ, ಅಂತೂ ಇಂತೂ ಇವರು ಹತ್ತಿದ್ರು. "ಚಲ್" ಅಂದ್ರು. ಕುದರಿ ಜಗ್ಗಲಿಲ್ಲ. "ನಡೀಯವ್ವ" ಅಂದ್ರು. ಊಹೂಂ.

"ಬ್ಯಾಂಡ್ ಇಲ್ಲದ ಅದು ನಡ್ಯಾಂಗಿಲ್ರಿ. ರೂಢಿ" ಅಂದ ಮಾಲಕ.

ದೋಸ್ತ ಫೋನಿನ್ಯಾಗ ಬ್ಯಾಂಡ್ ಹಚ್ಚಿದ, ಅದೂ ಜೋರ್. ಕುದರಿ ನಡೀಲಿಲ್ಲ, ಕುಣೀತು! ಮುಂದಿನ ಎರಡೂ ಕಾಲು ಮ್ಯಾಲೆ. ಇವರು ಅದರ ಕುತ್ತಿಗಿ ಅಪ್ಪಿ ಹಿಡದು, "ಬಂದ್ ಮಾಡಲೇ, ಬಂದ್ ಮಾಡೋ ಮಾರಾಯಾ!" ಅಂತ ಬಾಯಿ ಬಾಯಿ ಬಡಕೊಂಡ್ರು. ದೋಸ್ತ ಗಾಬರ್ಯಾಗಿ ಫೋನಾ ಕೆಡವಿದ. ಹುಲ್ಲಿನ್ಯಾಗ ಬಿದ್ದ ಫೋನು ಬಾರಿಸಾಕ ಹತ್ತಿತ್ತು, ಕುದರಿ ಕುಣ್ಯಾಕ ಹತ್ತಿತ್ತು, ದೋಸ್ತ ಬೊಗ್ಗಿ ಹುಡುಕಾಕ ಹತ್ತಿದ್ದ.

ಇಳದ ಮ್ಯಾಲೆ ಇವರು ಅಲ್ಲೇ ಹುಲ್ಲಿನ್ಯಾಗ ಕುಂತು ಬಿಟ್ರು. ಮಾಲಕ ಬೆನ್ನ ಚಪ್ಪರಿಸಿ ಸಮಾಧಾನ ಹೇಳಿದ: "ಛಲೋ ಕುಂತ್ರಿ ಸಾಹೇಬ್ರ. ಭಾಳ ಮಂದಿ ಮದುಮಕ್ಕಳು ಇಷ್ಟೊತ್ತಿಗೆ ಮದುವೀನ ಬ್ಯಾಡ ಅಂತಾರ."

ಸವಾರಿ

ಬನಹಟ್ಟಿಯಿಂದ ಗಲಗಲಿತನಕ ಕುದರಿ ಮ್ಯಾಲೆ ಹೋದ್ರ ಸೊಂಟ ಉಳೀತೈತೇನು? ಅದಕ್ಕ ಪಿಕಪ್ ಗಾಡ್ಯಾಗ ಕುದರಿ ಒಯ್ದು, ಊರ ಹೊರಗ ಇಳಸಿ, ಅಲ್ಲಿಂದ ಹತ್ತಿ ಹೋಗೋದು ಅಂತ ಠರಾವಾತು. ಅತ್ತಿ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ, ಟೆಂಟು, ಕುದರಿಗೆ ಮೇವಂತ ಕಬ್ಬಿನ ವಾಡಿ, ಎಲ್ಲಾ ಹೇರಿದ್ರು. ಗಾಡಿ ತುಂಬಿತು. ಡ್ರೈವರ್ ಬಾಜೂಕ ಮಾಲಕ ಮತ್ತ ನಾನು. ಸವಾರರಿಗೆ ಜಾಗಾ ಇಲ್ಲ! ಇಬ್ಬರೂ ಬೈಕ್ ಮ್ಯಾಲೆ ಹಿಂದ ಹೊಂಟ್ರು.

ಅತ್ತಿ ಬಾಗಲದಾಗ ನಿಂತು ಬಾಜೂ ಮನಿಯಾಕಿಗೆ ಹೇಳಾಕತ್ತಿದ್ರು: "ನನ್ನ ಮಗ ಕುದರಿಗೆ ಊರು ತೋರಸಾಕ ಕರಕೊಂಡು ಹೊಂಟಾನವಾ."

ಮಾವಾರು ಬಂದ್ರು

ಗಲಗಲಿ ಹೊರಗ ಕುದರಿ ಇಳಸಿದ್ರು. ಇವರು ತಲಿ ಬಾಚಿಕೊಂಡು, ಕರೀ ಚಸ್ಮಾ ಹಾಕ್ಕೊಂಡು ಹತ್ತಿದ್ರು. ಈ ಸಲ ದೋಸ್ತ ಶಾಣ್ಯಾ ಆಗಿದ್ದ. ಬ್ಯಾಂಡ್ ಸಣ್ಣಗ ಹಚ್ಚಿ, ಫೋನು ಕಿಸೇದಾಗ ಇಟ್ಟುಕೊಂಡು, ತನ್ನ ಪಾಲಿನ ಕುದರಿ ಹಗ್ಗಾ ಹಿಡದು ನಡಕೋತ ಬಂದ. ತಾನು ಹತ್ತಿದ್ರ ಕುದರಿಗೆ ತ್ರಾಸ ಆಗತೈತಿ ಅಂದ.

ಏನ ಹೇಳ್ಲಿ, ಕುದರಿ ಎಷ್ಟು ಛಂದ ನಡೀತು! ಮಂದಿ ಹೊರಗ ಬಂದು ನೋಡಿದ್ರು. ತವರಮನಿ ಬಾಗಲದಾಗ ನನ್ನ ತಮ್ಮ ಬಾಯಿ ತಕ್ಕೊಂಡು ನಿಂತಿದ್ದ. ಇವರು ಮೀಸಿ ತಿರುವಿ ಮುಂದ ಹಾದ್ರು. ನನಗ ಕಣ್ಣಾಗ ನೀರ ಬಂತು ನೋಡ್ರಿ. ನನ್ನ ಗಂಡ ಗೆದ್ದ!

ಮುಂದ ಹನುಮಪ್ಪನ ಗುಡಿ ಬಂತು. ಕುದರಿ ನಿಂತಿತು. ಗುಡಿ ಕಡೆ ತಲಿ ಬಗ್ಗಿಸಿತು. ಆಮ್ಯಾಲೆ ತಿರುಗಿ, ಬಂದ ದಾರಿ ಹಿಡದು ವಾಪಸ್ ಹೊಂಟಿತು.

"ಹೊಳಿ ಆ ಕಡೆ ಐತಿ!" ಅಂತ ಒದರಿದ್ರು ಇವರು.

"ಅದಕ್ಕ ಹೊಳಿ ಗೊತ್ತಿಲ್ರಿ. ಗುಡಿ ಆದ ಮ್ಯಾಲೆ ಮದುವಿ ಹಂದರ ಅಷ್ಟ ಗೊತ್ತು" ಅಂದ ಮಾಲಕ.

ಹಂದರ ಎಲ್ಲಿತ್ತು? ಅಳಿಯಂದ್ರು ಬರತಾರ ಅಂತ ನಮ್ಮವ್ವ ಬಿಸಲಿಗೆ ಅಂಗಳದಾಗ ಒಂದು ಹಂದರ ಹಾಕಿಸಿದ್ಲು. ಕುದರಿ ನೆಟ್ಟಗ ಅದರ ಕೆಳಗ ಬಂದು ನಿಂತಿತು. ಎಷ್ಟು ಜಗ್ಗಿದ್ರೂ ಕದಲವಲ್ಲದು. ಮಾಲಕ, "ಅವ್ವಾರ, ಆರತಿ ಮಾಡಿ ಬೆಲ್ಲಾ ಕೊಡ್ರಿ, ಆವಾಗ ಬಿಡತೈತಿ" ಅಂದ. ಅವ್ವ ಆರತಿ ತಂದ್ಲು. ಅಳಿಯಗೊಂದು, ಕುದರಿಗೊಂದು ಕುಂಕುಮ. ಕುದರಿ ಬೆಲ್ಲಾ ತಿಂದು ಆರಾಮ ನಿಂತಿತು.

ನನ್ನ ತಮ್ಮ ಕೈ ಜೋಡಿಸಿದ. "ತಪ್ಪಾತ್ರಿ ಮಾವಾರ. ಇನ್ನ ಕುದರಿ ಸುದ್ದಿ ಎತ್ತಿದ್ರ ಕೇಳ್ರಿ. ಇಳೀರಿ, ಊಟಾ ಮಾಡೂಣು."

ಇವರು ಇಳೀಲಿಲ್ಲ.

"ಇಳೀರಿ" ಅಂದೆ ನಾನು. ಇವರು ಕೆಳಗ ನೋಡಿದ್ರು, ಕಣ್ಣು ಮುಚ್ಚಿದ್ರು. "ಕಾಲು ಜೋಮು ಹಿಡದಾವು" ಅಂದ್ರು. "ಅದು ಸೀನಿದ್ರ?" ಅಂದ್ರು. ದೋಸ್ತ ಜಗ್ಗಾಕ ಹೋದ, "ಮುಟ್ಟಬ್ಯಾಡಲೇ!" ಅಂತ ಚೀರಿದ್ರು. ಅವ್ವಗ ಜೀವ ತಡೀಲಿಲ್ಲ, "ಪಾಪ, ಹಸದಾರ" ಅಂತ ಹೋಳಿಗಿಗೆ ತುಪ್ಪಾ ಹಾಕಿ ತಾಟು ಮ್ಯಾಲೆ ಎತ್ತಿ ಕೊಟ್ಲು. ನನ್ನ ಗಂಡ ಕುದರಿ ಮ್ಯಾಲೆ ಕುಂತ ಉಂಡ್ರು. ಇನ್ನೊಂದು ಬೇಕೇನ್ರಿ ಅಂದ್ರ ಹೂಂ ಅಂದ್ರು. ಕಡೀಕ ನನ್ನ ತಮ್ಮ ಮಾಳಿಗಿ ನಿಚ್ಚಣಿಕಿ ತಂದು ಹಚ್ಚಿದ ಮ್ಯಾಲೆ, ಒಂದೊಂದ ಮೆಟ್ಟಲಾ ಇಳದು ಕೆಳಗ ಬಂದ್ರು. ಟೆಂಟ್ ಬಿಚ್ಚಲೇ ಇಲ್ಲ. ಗಾದಿ ಮ್ಯಾಲೆ, ಫ್ಯಾನ್ ಕೆಳಗ ಕ್ಯಾಂಪಿಂಗ್ ಆತು.

ನನ್ನ ತಮ್ಮ ಮಾತಿಗೆ ತಪ್ಪಾಂವ ಅಲ್ಲ. ಆಮ್ಯಾಲೆ ನಾವು ಎಷ್ಟು ಸಲ ಗಲಗಲಿಗೆ ಹೋದ್ರೂ ಕುದರಿ ಸುದ್ದಿ ಒಂದಿನಾ ಎತ್ತಿಲ್ಲ. ನಾವು ಬೈಕ್ ಮ್ಯಾಲೆ ಬಂದು ನಿಂತ್ರ, ಒಳಗಿಂದ ನಿಚ್ಚಣಿಕಿ ತಂದು ಬೈಕಿಗೆ ಹಚ್ಚಿ, "ಸಾವಕಾಶ ಇಳೀರಿ ಮಾವಾರ" ಅಂತಾನ.